ಗೇಟು ದಾಟಿದ ಹೇಂಟೆಗಳು

ಆಗಸ್ಟ್ ೧೮, ಭಾನುವಾರ

ಪ್ರೀತಿಯ ತಮ್ಮನಿಗೆ,

‘ಪ್ರೀತಿಯ’ ಎಂದು ಬರೆದ ಮೇಲೆ ಪೆನ್ನು ಕೆಳಗಿಟ್ಟೆ. ಬರೆದ ಮಾತನ್ನು ಹೊಡೆದುಹಾಕುವ ಅಭ್ಯಾಸ ನನಗಿಲ್ಲ. ಇರಲಿ ಬಿಡು, ಎಷ್ಟೆಂದರೂ ಒಡಹುಟ್ಟಿದವನು.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದೆ, ಅದೂ ಇಲ್ಲದಿದ್ದರೆ ನನ್ನ ಜೊತೆಗೆ ಇನ್ನಾರಿದ್ದಾರೆ. ನೀನು, ನಿನ್ನ ಹೆಂಡತಿ, ಮಗಳು ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಮಗಳು ಬಂದು ಹೋಗಿ ತಿಂಗಳಾಗುತ್ತ ಬಂತು. ಅವಳು ಮನೆ ಮುಟ್ಟಿದ ವಾರದಲ್ಲೇ ನಾನು ಬರೆಯಬೇಕಿತ್ತು. ಬರೆದೆ ಕೂಡ. ಹೊಡೆದುಹಾಕುವ ಅಭ್ಯಾಸ ಇಲ್ಲದಿದ್ದರೂ ಹಾಳೆಗೆ ಹಾಳೆಯೇ ಹರಿದು ಬಿಸಾಡುವ ಅಭ್ಯಾಸ ಇತ್ತೀಚೆಗೆ ಬಂದಿದೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ ಅದು ಬಡಿದುಕೊಳ್ಳುವುದನ್ನು ನೋಡುತ್ತ ಎದುರಿಗೇ ಕೂತಿದ್ದೆ. ಫೋನಿನಲ್ಲಿ ನನಗೆ ನಿನ್ನನ್ನು ಬೈಯಲು ಬರುವುದಿಲ್ಲ. ನೀನು ನಡುವೆ ಒಂದು ಸಲ ಕೆಮ್ಮುತ್ತೀಯ, ‘ಔಷಧಿ ತಗೊಂಡ್ಯಾ’ ಎಂದು ನಾನೇ ಕೇಳಿಬಿಡುತ್ತೇನೆ, ಅಲ್ಲಿಗೆ ಜಗಳ ಮುಗಿದುಹೋಗುತ್ತದೆ. ಕಾಗದ ಕೆಮ್ಮುವುದಿಲ್ಲ.

ನಿನ್ನ ಕೋಳಿಗಳಿಗೆ ಬಂದ ರೋಗದ ವಿಷಯ ಮಗಳು ಎಲ್ಲ ಹೇಳಿದಳು. ಹುಂಜಗಳ ಸಾಲಿನಲ್ಲಿ ಒಂದೂ ಉಳಿಯಲಿಲ್ಲವಂತೆ. ಬೇರೆ ಕಡೆ ಇದ್ದ ಹೇಂಟೆಗಳು ಮಾತ್ರ ಬದುಕಿಕೊಂಡವಂತೆ. ಆ ಕಪ್ಪು ದೊಡ್ಡ ಹುಂಜ ನಿನ್ನ ತೊಡೆಯ ಮೇಲೇ ಕತ್ತು ಚೆಲ್ಲಿತು ಎಂದೂ ಹೇಳಿದಳು. ಸುಳ್ಳು ಹೇಳುವುದಿಲ್ಲ, ಕೇಳಿ ಅತ್ತುಬಿಟ್ಟೆ. ಕೋಳಿಗಾಗಿ ಅತ್ತೆ, ನಿನಗಾಗಿ ಅಲ್ಲ.

ಈಗ ಅಪ್ಪ ಕಟ್ಟಿದ ತಳಿಯ ಗಂಡು ಎಂದು ಲೋಕದಲ್ಲಿ ಉಳಿದಿರುವುದು ನನ್ನ ಹಿತ್ತಲಿನಲ್ಲಿರುವವು ಮಾತ್ರ. ಅವೂ ಹರೆಯದವಲ್ಲ. ಇನ್ನು ಒಂದೆರಡು ವರ್ಷ ಮರಿಗೆ ಬಂದಾವು, ಆಮೇಲೆ ಬೇಲಿಗೆ ಒರಗಿ ಬಿಸಿಲು ಕಾಯಿಸಿಕೊಳ್ಳುತ್ತವೆ ಅಷ್ಟೆ. ನನ್ನಿಂದ ಒಂದಾದರೂ ನಿನ್ನ ಹೇಂಟೆಗಳ ಬಳಿಗೆ ಬರದಿದ್ದರೆ ಅಪ್ಪನ ತಳಿ ನಿನ್ನ ಕಾಲಕ್ಕೇ ಮುಗಿಯಿತು. ಅದು ನನಗೆ ಗೊತ್ತು. ಗೊತ್ತಿದ್ದೂ ನಿನ್ನ ಮಗಳನ್ನು ಬರಿಗೈಯಲ್ಲಿ ವಾಪಸು ಕಳಿಸಿದೆ. ‘ಈಗ ಗರಿ ಉದುರಿಸೋ ಕಾಲ, ಬಸ್ಸಲ್ಲಿ ಸಾಗಿಸಿದ್ರೆ ಸತ್ತುಹೋಗ್ತವೆ ಕಣೇ’ ಎಂದೆ. ಅದು ಅರ್ಧ ನಿಜ. ಉಳಿದ ಅರ್ಧಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅವಳು ಕೇಳಿದ್ದಕ್ಕೆ ಉತ್ತರ. ಹುಡುಗಿಗೆ ನಿಜವಾಗಿಯೂ ಆಸೆ ಇದೆ. ಚಪ್ಪಲಿ ಅಂಗಡಿಯ ಕೆಲಸ ಮುಗಿಸಿ ಬಂದು ಸ್ವಂತವಾಗಿ ನಾಲ್ಕು ಕೋಳಿ ಸಾಕಬೇಕು ಎನ್ನುತ್ತಾಳೆ. ಕಾಳಗ ನಿಂತು ಕಾಲವಾದರೂ ಕಾಳಗದ ಕೋಳಿಯ ಹುಚ್ಚು ನಮ್ಮ ಮನೆಯವರನ್ನು ಬಿಟ್ಟಿಲ್ಲ. ‘ಅಪ್ಪನ ಕೇಳಿದ್ರೆ ನೋಡ್ತಾ ನೋಡ್ತಾ ಗೊತ್ತಾಗುತ್ತೆ ಹೋಗು ಅಂತಾರೆ ಅತ್ತೆ’ ಎಂದು ದೂರಿದಳು. ನೀನು ಹಾಗೆಯೇ. ನಿನಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಿದರೆ ನಿನ್ನ ಬಳಿ ಕಡಿಮೆಯಾಗುತ್ತದೆ ಎಂದು ಚಿಕ್ಕಂದಿನಿಂದಲೂ ನಿನಗೊಂದು ಭಯ. ಹೀಗಾಗಿ ಅವಳಿಗೆಂದೇ ಮುಂದಿನ ಹಾಳೆಯನ್ನು ಬೇರೆಯಾಗಿ ಬರೆದಿದ್ದೇನೆ. ಅದನ್ನು ಅವಳಿಗೆ ಕೊಡು. ಉಳಿದದ್ದನ್ನು ನೀನೇ ಓದಿಕೋ.

ಮಗಳೇ, ಮೊದಲು ಗೂಡು ಕಟ್ಟು, ಆಮೇಲೆ ಕೋಳಿ ತಾ. ನಾನು ಉಲ್ಟಾ ಮಾಡಿದ್ದೆ, ಒಂದು ವಾರ ಕೋಳಿಗಳು ನನ್ನ ಅಡುಗೆಮನೆಯಲ್ಲಿ ಸಂಸಾರ ಮಾಡಿದವು. ನೆಲ ಒಣಗಿರಬೇಕು, ಮೇಲೆ ನೆರಳು ಇರಬೇಕು, ಕೂರುವ ಕೋಲು ಮೊಣಕಾಲಿಗಿಂತ ಎತ್ತರ ಬೇಡ. ಇವು ಭಾರದ ಕೋಳಿಗಳು, ಎತ್ತರದಿಂದ ಧುಮುಕಿ ಅಂಗಾಲು ಒಡೆದುಕೊಳ್ಳುತ್ತವೆ. ಒಂದು ಹುಂಜಕ್ಕೆ ಇನ್ನೊಂದು ಹುಂಜ ಕಾಣದ ಹಾಗೆ ನಡುವೆ ಹಲಗೆ ಹೊಡೆಸು. ತಂತಿಬಲೆ ಸಾಕು ಎಂದು ಕಂಜೂಸಿ ಮಾಡಬೇಡ. ಬಲೆಯ ಎರಡೂ ಕಡೆ ನಿಂತು ದಿನವಿಡೀ ಮೂತಿ ಕೆತ್ತಿಕೊಳ್ಳುತ್ತವೆ.

ಮೊಟ್ಟೆ ತಂದು ಮರಿ ಮಾಡಿಸುತ್ತೇನೆ ಎಂದು ಹೊರಡಬೇಡ. ಸಣ್ಣ ಮರಿಗಳನ್ನೂ ತರಬೇಡ. ಯಾಕೆಂದರೆ ನೀನು ಕೇಳಿದೆಯಲ್ಲ, ‘ಮರೀಲೇ ಗಂಡು ಯಾವ್ದು ಹೆಣ್ಣು ಯಾವ್ದು ಅಂತ ಹೇಗೆ ಹೇಳೋದು’ ಎಂದು, ಅದಕ್ಕೆ ನನ್ನ ಉತ್ತರ, ಹಾಗೆ ಹೇಳಲು ಆಗುವುದಿಲ್ಲ. ದೊಡ್ಡ ಮರಿಕೇಂದ್ರಗಳಲ್ಲಿ ಹುಟ್ಟಿದ ದಿನವೇ ಬಾಲದ ಕೆಳಗೆ ಒತ್ತಿ ನೋಡಿ ಹೇಳುತ್ತಾರೆ. ಅದನ್ನು ವರ್ಷಗಟ್ಟಲೆ ಕಲಿತಿರುತ್ತಾರೆ. ನೀನು ನಾನು ಒತ್ತಿದರೆ ಮರಿ ಸಾಯುತ್ತದೆ ಅಷ್ಟೆ. ರೆಕ್ಕೆಯ ಗರಿಯ ಉದ್ದ ನೋಡಿ ಹೇಳುವ ಉಪಾಯ ಕೆಲವು ಜಾತಿಗೆ ನಡೆಯುತ್ತದೆ, ನಮ್ಮದಕ್ಕೆ ನಡೆಯುವುದಿಲ್ಲ. ಸಂತೆಯಲ್ಲಿ ಸಿಗುವ ಬಿಳಿ ಕೋಳಿಯಾದರೆ ಒಂದೂವರೆ ತಿಂಗಳಿಗೆ ಗಂಡಿನ ಜುಟ್ಟು ಕೆಂಪಗೆ ಎದ್ದು ನಿಲ್ಲುತ್ತದೆ. ಕಾಳಗದ ಕೋಳಿಯ ಜುಟ್ಟು ಬಟಾಣಿ ಕಾಳಿನಷ್ಟು, ಅದು ಗಂಡಿಗೂ ಸಣ್ಣದು, ಹೆಣ್ಣಿಗೂ ಸಣ್ಣದು. ಹೊಡೆದಾಡುವ ಮರಿಯೆಲ್ಲ ಗಂಡು ಎಂದುಕೊಳ್ಳಬೇಡ. ಈ ಜಾತಿಯ ಹೆಣ್ಣು ಮರಿಗಳೂ ಹುಟ್ಟುಜಗಳಗಂಟಿಯರು. ನೀನೇ ಎಲ್ಲಿಂದ ಬಂದವಳು ಎಂದು ನೆನಪಿಸಿಕೋ.

ಕಾಲು ನೋಡುತ್ತಿರು. ಗಂಡಿನ ಕಾಲು ದಪ್ಪ, ಹೆಜ್ಜೆಯ ಅಂತರ ಹೆಚ್ಚು, ನಿಂತರೆ ಎದೆ ಮುಂದಕ್ಕೆ. ಹೆಣ್ಣಿಗೆ ಬಾಲದ ಗರಿ ಬೇಗ ಬರುತ್ತದೆ, ಗಂಡು ಬಹಳ ದಿನ ಮೋಟು ಬಾಲದಲ್ಲೇ ತಿರುಗುತ್ತದೆ. ಇವೆಲ್ಲ ಅಂದಾಜು. ಮೂರು ತಿಂಗಳು ದಾಟಿದ ಮೇಲೆ ಸೊಂಟದ ಗರಿ ಎತ್ತಿ ನೋಡು. ಗಂಡಿನದು ಚೂಪಾಗಿ, ನುಣುಪಾಗಿ, ಎರಡೂ ಕಡೆಗೆ ಇಳಿಬಿದ್ದಿರುತ್ತದೆ. ಹೆಣ್ಣಿನದು ತುದಿ ದುಂಡಗೆ. ಊರೆಲ್ಲ ಇಷ್ಟರ ಮೇಲೇ ಕಣ್ಣುಮುಚ್ಚಿ ವ್ಯಾಪಾರ ಮಾಡುತ್ತದೆ. ಆದರೆ ನಿನ್ನ ಅಜ್ಜನ ತಳಿಯಲ್ಲಿ ಆಗಾಗ ಒಂದು ವಿಚಿತ್ರ ಹುಟ್ಟುತ್ತದೆ, ಅದಕ್ಕೆ ಹೆಣ್ಣುಗರಿ ಹುಂಜ ಎನ್ನುತ್ತಾರೆ. ಮೈಯೆಲ್ಲ ಹುಂಜ, ಗರಿ ಮಾತ್ರ ಹೇಂಟೆಯದು. ಚೂಪು ಗರಿ ಇಲ್ಲ, ಬಾಗಿದ ಬಾಲ ಇಲ್ಲ. ಗರಿ ನೋಡಿ ಹೇಳುವವರು ಅದನ್ನು ಹೇಂಟೆ ಎಂದೇ ಹೇಳುತ್ತಾರೆ. ಎದುರಿಗಿನ ಹುಂಜವೂ ಮೋಸಹೋಗಿ ಸುಮ್ಮನೆ ನಿಲ್ಲುತ್ತದಂತೆ, ಆ ಗಳಿಗೆಯಲ್ಲೇ ಪೆಟ್ಟು ತಿನ್ನುತ್ತದಂತೆ.

ಅದಕ್ಕೇ ಹೇಳುತ್ತೇನೆ, ಬೆಳೆದ ಹೇಂಟೆಯನ್ನೇ ತಾ. ಕೈಯಲ್ಲಿ ಎತ್ತಿಕೊಂಡು ಬಾಲದ ಕೆಳಗಿನ ಎರಡು ಮೂಳೆಗಳ ನಡುವೆ ಬೆರಳಿಡು. ಎರಡು ಬೆರಳು ಸಲೀಸಾಗಿ ಹಿಡಿದರೆ ಅದು ಮೊಟ್ಟೆಯಿಡುವ ಹೆಣ್ಣು. ಕೊಡುವವರು ಎಷ್ಟೇ ಹತ್ತಿರದವರಾಗಲಿ, ಅವರ ಎದುರಿಗೇ ಬೆರಳಿಟ್ಟು ನೋಡು. ನಾಚಿಕೊಳ್ಳಬೇಡ. ನಿನ್ನ ಅತ್ತೆ ನಾಚಿಕೊಂಡಿದ್ದಳು.

ಹುಡುಗಿಯ ಹಾಳೆ ಇಲ್ಲಿಗೆ ಮುಗಿಯಿತು. ಇನ್ನು ನಿನಗೆ.

ನಾನು ಕೋಳಿ ಸಾಕಲು ಶುರುಮಾಡಿದ್ದು ಹೇಗೆ ಎಂದು ನೀನು ಯಾವತ್ತೂ ಕೇಳಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಹಾಕಿ ಹಾಕಿ ನನ್ನ ಬಲಗೈ ಮಣಿಕಟ್ಟು ಸೋತಿತ್ತು. ಮೇಸ್ತ್ರಿ ಬಂದು ‘ಅಮ್ಮಾ, ನಿಮ್ಮ ಹೊದಿಕೆ ಮೂಲೆಗೆ ಮೂಲೆ ಕೂಡ್ತಿಲ್ಲ’ ಎಂದ. ಕೂಡುತ್ತಿರಲಿಲ್ಲ, ಹುಡುಗ ಸುಳ್ಳು ಹೇಳಲಿಲ್ಲ. ಕೆಲಸ ಬಿಟ್ಟು ಬಂದೆ. ನಿನ್ನ ಭಾವ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಮನೆಯಲ್ಲಿ ಬೆಳಗಿನ ಚಹಾದ ಲೋಟ ತೊಳೆದಿಟ್ಟರೆ ಸಂಜೆಯವರೆಗೆ ಮಾಡಲು ಏನೂ ಇರುತ್ತಿರಲಿಲ್ಲ. ಗೋಡೆಯ ಆಚೆ ಬೇಕರಿಯ ಒಲೆ, ಹಿತ್ತಲಿನ ಗೋಡೆ ಸದಾ ಬೆಚ್ಚಗೆ. ಅದಕ್ಕೆ ಬೆನ್ನು ಕೊಟ್ಟು ಕೂತಾಗ ಅಪ್ಪನ ಕೋಳಿಗಳು ನೆನಪಾದವು. ಅಪ್ಪನ ಕಾಲದಲ್ಲಿ ನಾನು ಅವಕ್ಕೆ ನೀರು ಇಟ್ಟಿದ್ದೇನೆ, ಗಲೀಜು ಗುಡಿಸಿದ್ದೇನೆ. ಕೈಯಲ್ಲಿ ಹಿಡಿಯಲು ಬಿಡುತ್ತಿದ್ದದ್ದು ನಿನಗೆ ಮಾತ್ರ.

ಹಾಗಾಗಿ ನಿನ್ನ ಬಳಿ ಬಂದು ಕೇಳಿದೆ, ಒಂದು ಹುಂಜ ಕೊಡು, ಸಂತೆಯ ಹೇಂಟೆಗಳ ಜೊತೆ ಬಿಟ್ಟುಕೊಳ್ಳುತ್ತೇನೆ ಎಂದು. ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ನನಗಿರಲಿಲ್ಲ. ಅಪ್ಪನ ನಿಯಮ ನಮ್ಮಿಬ್ಬರಿಗೂ ಗೊತ್ತು. ಹುಂಜವನ್ನು ಸ್ನೇಹಿತರಿಗೆ ಕೊಡುತ್ತಿದ್ದ, ನೆಂಟರಿಗೆ ಕೊಡುತ್ತಿದ್ದ, ಹೇಂಟೆಯನ್ನು ಮಾತ್ರ ಯಾರು ಕಾಲಿಗೆ ಬಿದ್ದರೂ ಗೇಟು ದಾಟಿಸುತ್ತಿರಲಿಲ್ಲ. ತಳಿ ಇರುವುದು ಹೇಂಟೆಯಲ್ಲಿ, ಅದು ಮನೆಯವರ ಕೈಯಲ್ಲೇ ಇರಬೇಕು ಎನ್ನುತ್ತಿದ್ದ. ಸ್ವಂತ ಷಡ್ಡಕನಿಗೆ ಕೊಡದೆ ಜನ್ಮದ ಜಗಳ ಕಟ್ಟಿಕೊಂಡವನು ಅವನು.

ನೀನು ಒಳಗೆ ಹೋಗಿ ನಾಲ್ಕು ತಿಂಗಳ ಮೂರು ಕೋಳಿ ಹಿಡಿದು ತಂದೆ. ‘ತಗೋ ಅಕ್ಕ. ಒಂದು ಹುಂಜ, ಎರಡು ಹೇಂಟೆ. ಅಪ್ಪ ಇದ್ದಿದ್ರೆ ನನ್ನ ಕೈ ಕಡೀತಿದ್ದ. ನೀನೇನು ಹೊರಗಿನವಳಾ’ ಎಂದೆ. ನಾನು ನಿನ್ನ ಹೆಂಡತಿಯ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಬಸ್ಸಿನಲ್ಲಿ ಉದ್ದಕ್ಕೂ ಅಳುತ್ತ ಬಂದೆ. ಕಂಡಕ್ಟರ್ ಯಾರೋ ಹೋಗಿಬಿಟ್ಟಿರಬೇಕು ಎಂದುಕೊಂಡು ಚಿಲ್ಲರೆ ಕೇಳಲೂ ಹಿಂಜರಿದ.

ಆಮೇಲೆ ಶುರುವಾಯಿತು ನೋಡು ನನ್ನ ಬಾಣಂತನ. ಹೇಂಟೆಗಳಿಗೆ ಹುಲ್ಲು ಹಾಸಿ ಗೂಡು ಮಾಡಿದೆ. ಮೊಟ್ಟೆಯಿಡುವ ಜಾಗ ಯಾವುದೆಂದು ತಿಳಿಯಲಿ ಎಂದು ಸುಟ್ಟುಹೋದ ಬಲ್ಬೊಂದನ್ನು ಒರೆಸಿ ಹುಲ್ಲಿನಲ್ಲಿಟ್ಟೆ. ಚಿಪ್ಪು ಗಟ್ಟಿಯಾಗಲೆಂದು ಸುಣ್ಣದ ಕಲ್ಲು ಪುಡಿಮಾಡಿ ಹಾಕಿದೆ. ದಿನಾ ಬೆಳಿಗ್ಗೆ ಎದ್ದು ಗೂಡಿಗೆ ಕೈಹಾಕಿದರೆ ಬಲ್ಬು. ಪಕ್ಕದ ಮನೆಯ ಟೈಲರ್ ಗೋಡೆಯ ಮೇಲಿಂದ ಇಣುಕಿ ‘ಏನಕ್ಕಾ, ಇವತ್ತು ಎಷ್ಟು ವ್ಯಾಟಿನದು’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡ. ಬೇಕರಿಯವಳು ಬನ್ನಿಗೆ ಸವರಲು ನನ್ನಿಂದ ಮೊಟ್ಟೆ ಕೊಳ್ಳುತ್ತೇನೆ ಎಂದಿದ್ದಳು, ಅವಳು ಕೇಳುವುದನ್ನೇ ಬಿಟ್ಟಳು. ಕಾಳಗದ ಕೋಳಿ ತಡವಾಗಿ ಮೊಟ್ಟೆಗೆ ಬರುತ್ತದೆ ಎಂದು ನೀನು ಫೋನಿನಲ್ಲಿ ಹೇಳಿದೆ. ಕಾದೆ. ಜಾಗ ಬದಲಾದರೆ ಹಾಗಾಗುತ್ತದೆ ಎಂದೂ ನೀನೇ ಹೇಳಿದೆ. ಕಾದೆ. ನಿನ್ನ ಕೈಗುಣ ಇರಬಹುದು ಅಕ್ಕ ಎಂದು ನಕ್ಕೆ. ನಾನು ಅದನ್ನೂ ನಂಬಿದೆ.

ಒಂದು ದಿನ ಹೇಂಟೆಯೊಂದು ಕೂಗಿತು. ಈ ಜಾತಿಯ ಹೇಂಟೆಗಳು ಕೆಲವೊಮ್ಮೆ ಕೂಗುತ್ತವೆ ಎಂದು ಕೇಳಿದ್ದೆ, ಸಮಾಧಾನ ಮಾಡಿಕೊಂಡೆ. ಕಾಲಿನ ಹಿಂದೆ, ಹುಂಜಕ್ಕೆ ಬರುವಂಥ ಮುಳ್ಳು ಮೂಡಿತು. ಮುದಿ ಹೇಂಟೆಗೂ ಮುಳ್ಳು ಬರುತ್ತದಂತೆ ಎಂದುಕೊಂಡೆ. ನನ್ನವು ಮುದಿಯಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ, ನಂಬಬೇಕು ಎಂದು ಕೂತವಳಿಗೆ ಹೊಳೆಯುವುದೂ ಇಲ್ಲ. ಹುಂಜವೂ ಸೇರಿ ಮೂರೂ ಒಂದರ ಮುಖ ಒಂದು ಕಂಡರೆ ಉರಿದುಬೀಳತೊಡಗಿದವು, ನಡುವೆ ಹಲಗೆ ಹೊಡೆಸಿದೆ. ಕಡೆಗೆ ಮೊಟ್ಟೆಯಿಡುವುದನ್ನು ನೋಡಿ ಕಲಿಯಲಿ ಎಂದು ಸಂತೆಯಿಂದ ಒಂದು ಬಿಳಿ ಹೇಂಟೆ ತಂದು ನನ್ನ ಎರಡು ಹೇಂಟೆಗಳಲ್ಲಿ ಒಂದರ ಜೊತೆ ಬಿಟ್ಟೆ. ಬಟ್ಟೆ ಒಣಹಾಕುತ್ತಿದ್ದೆ. ತಿರುಗಿ ನೋಡಿದರೆ ನನ್ನ ಹೇಂಟೆ ಒಂದು ರೆಕ್ಕೆ ಇಳಿಬಿಟ್ಟು ಬಿಳಿಯವಳ ಸುತ್ತ ಗಿರಕಿ ಹೊಡೆದು, ತಲೆಯ ಗರಿ ಕಚ್ಚಿ ಹಿಡಿದು, ಬೆನ್ನ ಮೇಲೆ ಹತ್ತಿ ನಿಂತಿದೆ. ಕೈಯಲ್ಲಿದ್ದ ಒದ್ದೆ ಸೀರೆ ಮಣ್ಣಿಗೆ ಬಿತ್ತು. ಟೈಲರ್ ಗೋಡೆಯ ಮೇಲೆಯೇ ಇದ್ದ. ಅವನು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದ. ನಾನೇ ಮೊದಲು ನಕ್ಕೆ. ಹಿತ್ತಲಿನ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ವರ್ಷಕ್ಕೂ ಹೆಚ್ಚು ಕಾಲ ಎರಡು ಹುಂಜಗಳಿಗೆ ಮೊಟ್ಟೆಯಿಡಿ ಎಂದು ಸುಣ್ಣ ತಿನ್ನಿಸಿದ ಹೆಂಗಸು ಇನ್ನೇನು ಮಾಡಬೇಕು ಹೇಳು.

ಆಮೇಲೆ ಟೈಲರ್ ಮೆಲ್ಲಗೆ ‘ಅಕ್ಕಾ, ತಪ್ಪು ತಿಳೀಬೇಡಿ, ನಿಮ್ಮ ತಮ್ಮ ನಿಮಗೆ ಸರಿಯಾಗಿ ಟೋಪಿ ಹಾಕಿದ್ದಾರೆ’ ಎಂದ. ನಾನು ಎದ್ದು ನಿಂತೆ. ‘ನಾಲಿಗೆ ಬಿಗಿಹಿಡಿದು ಮಾತಾಡು. ನನ್ನ ತಮ್ಮ ಅಂಥವನಲ್ಲ. ಈ ಹೆಣ್ಣುಗರಿ ಹುಂಜಗಳು ಎಂಥ ಪಳಗಿದ ಕಣ್ಣಿಗೂ ಮಣ್ಣೆರಚ್ತವೆ. ಅವನು ತಾನೂ ಮೋಸಹೋಗಿ ನನಗೆ ಕೊಟ್ಟಿದಾನೆ’ ಎಂದೆ. ಒಂದು ತಿಂಗಳು ಅವನೊಂದಿಗೆ ಮಾತು ಬಿಟ್ಟೆ, ರವಿಕೆ ಹೊಲಿಯಲು ದೂರದ ಅಂಗಡಿಗೆ ನಡೆದು ಹೋದೆ. ನಿನಗೂ ಹೇಳಲಿಲ್ಲ. ಸುತ್ತಲಿನ ಜನ ತಮ್ಮ ಕೋಳಿಗಳನ್ನು ಕಂಕುಳಲ್ಲಿ ಇರುಕಿಕೊಂಡು ನಿನ್ನ ಬಾಗಿಲಿಗೆ ಬಂದು, ನೀನು ಎತ್ತಿ ನೋಡಿ ‘ಹೂಂ’ ಎಂದರೆ ಒಪ್ಪಿ, ‘ಊಹೂಂ’ ಎಂದರೆ ಮಾರಿಬಿಡುತ್ತಿದ್ದರು. ಅಂಥ ಕಣ್ಣು ಸ್ವಂತ ಅಕ್ಕನ ವಿಷಯದಲ್ಲೇ ತಪ್ಪಿತು ಎಂದು ಗೊತ್ತಾದರೆ ನೀನು ಕುಗ್ಗಿಹೋಗುತ್ತೀ ಎಂದು ನನ್ನ ಹೆದರಿಕೆ. ‘ಹೇಂಟೆಗಳು ಹೇಗಿವೆ ಅಕ್ಕ’ ಎಂದು ನೀನು ಕೇಳಿದಾಗಲೆಲ್ಲ ‘ಚೆನ್ನಾಗಿವೆ’ ಎಂದೆ. ಒಮ್ಮೆ ನಮ್ಮ ಮನೆಗೆ ಬಂದೆಯಲ್ಲ, ಹಿತ್ತಲಿಗೆ ಕರೆದೊಯ್ಯಬೇಕಾದೀತು ಎಂದು ನನಗೆ ಬೆವರು ಕಿತ್ತುಕೊಂಡಿತ್ತು. ನೀನು ಚಹಾ ಕೂಡ ಪೂರ್ತಿ ಕುಡಿಯದೆ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ನಾನು ಸದ್ಯ ಬದುಕಿದೆ ಎಂದುಕೊಂಡೆ. ಒಟ್ಟು ಇಷ್ಟೂ ವರ್ಷ ನಾನು ಕೋಳಿಗಳನ್ನು ಮಾತ್ರ ಸಾಕಲಿಲ್ಲ, ನಿನ್ನ ಮರ್ಯಾದೆಯನ್ನೂ ಕಾಳು ಹಾಕಿ ಸಾಕಿದೆ.

ಈಗ ನೀನು ಕೇಳುತ್ತಿರುವ ಹುಂಜಗಳ ಮಾತಿಗೆ ಬರುತ್ತೇನೆ. ಕೊಡುವುದಿಲ್ಲ. ಕೋಪದಿಂದ ಹೇಳುತ್ತಿಲ್ಲ, ಕೋಪವೂ ಇದೆ ಅನ್ನು. ತಳಿ ಉಳಿಯಬೇಕು ಎನ್ನುವುದಾದರೆ ಹುಂಜ ಅಲ್ಲಿಗೆ ಬರುವುದಿಲ್ಲ, ಹೇಂಟೆ ಇಲ್ಲಿಗೆ ಬರಲಿ. ನಿನ್ನ ಬಳಿ ಉಳಿದಿರುವುದರಲ್ಲಿ ಒಳ್ಳೆಯ ಎರಡನ್ನು ಆರಿಸಿ ಮಗಳ ಕೈಯಲ್ಲಿ ಕೊಟ್ಟು ಕಳಿಸು. ಅವಳ ಎದುರಿಗೇ ನಾನು ಬೆರಳಿಟ್ಟು ನೋಡಿಯೇ ಒಳಗೆ ಬಿಟ್ಟುಕೊಳ್ಳುವುದು. ಹುಟ್ಟುವ ಮರಿ ಅವಳದು. ನಿನ್ನದಲ್ಲ, ನನ್ನದೂ ಅಲ್ಲ. ನನ್ನ ಬೆಚ್ಚನೆಯ ಗೋಡೆಯ ಪಕ್ಕದಲ್ಲೇ ಅವಳಿಗೆ ಜಾಗ ಮಾಡಿಕೊಡುತ್ತೇನೆ, ಚಪ್ಪಲಿ ಅಂಗಡಿ ಇಲ್ಲಿಯೂ ಬೇಕಾದಷ್ಟಿವೆ. ಬೇಡ ಎಂದರೆ ನಿನ್ನಿಷ್ಟ. ಹೇಂಟೆಗಳು ನಿನ್ನ ಗೇಟಿನ ಒಳಗೆ ಭದ್ರವಾಗಿ ಮುದಿಯಾಗಲಿ.

ನಿನ್ನ ಹೆಂಡತಿಯ ಬೆನ್ನುನೋವಿಗೆ ಬಿಸಿನೀರಿನ ಚೀಲ ಇಡು, ಅವಳಿಂದ ನೀರು ಹೊರಿಸಬೇಡ. ಮಗಳು ನೂರು ಕಾಲ ನಗುತ್ತಿರಲಿ. ನೀನೂ ಆರೋಗ್ಯವಾಗಿರು. ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ನಿನಗೆ ಕೆಟ್ಟದಾಗಲಿ ಎಂದು ಬರೆಯಲು ಹೋದರೆ ನನ್ನ ಕೈ ಈಗಲೂ ಏಳುವುದಿಲ್ಲ, ಅದೇ ನನ್ನ ದೊಡ್ಡ ಕಷ್ಟ.

ನಿನ್ನ
ಅಕ್ಕ

ಮತ್ತೊಂದು ಮಾತು: ಉಳಿದ ಅರ್ಧಕ್ಕೆ ಆಮೇಲೆ ಬರುತ್ತೇನೆ ಎಂದಿದ್ದೆ. ಲಕೋಟೆಗೆ ಹಾಕುವ ಮೊದಲು ಬರೆದುಬಿಡುತ್ತೇನೆ.

ನಿನ್ನ ಮಗಳು ಬಸ್ಸಿನಿಂದ ಇಳಿದಾಗ ಅವಳ ಕೈಯಲ್ಲಿ ಮೂರು ಬುಟ್ಟಿಗಳಿದ್ದವು. ಒಂದೊಂದು ಕೋಳಿ ಹಿಡಿಯುವಷ್ಟು, ಮುಚ್ಚಳ ಕಟ್ಟಿದ, ಹೊಸ ಬುಟ್ಟಿಗಳು. ‘ಯಾಕೇ ಇಷ್ಟೊಂದು’ ಎಂದೆ. ‘ಅಪ್ಪನೇ ಹೆಣೆದುಕೊಟ್ರು ಅತ್ತೆ. ಮೂರೂ ಹುಂಜ ತಾನೆ, ಒಟ್ಟಿಗೆ ಇಟ್ರೆ ದಾರೀಲೇ ಕಚ್ಚಾಡಿ ಸಾಯ್ತವಂತೆ’ ಎಂದಳು. ಕೊಟ್ಟ ಮೇಲೆ ನೀನು ಆ ಕೋಳಿಗಳನ್ನು ಒಂದು ಸಲವೂ ನೋಡಿಲ್ಲ. ಟೈಲರ್ ನಿನ್ನನ್ನು ಕಂಡವನಲ್ಲ. ಆದರೂ ಆಸೆ ನೋಡು, ‘ಮೂರೂ ಹುಂಜ ಅಂತ ನಿಮ್ಮಪ್ಪನಿಗೆ ಯಾರು ಹೇಳಿದ್ರು’ ಎಂದು ಕೇಳಿದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿ, ‘ಯಾರು ಹೇಳ್ಬೇಕು? ನಾನು ಸ್ಕೂಲಿಗೆ ಹೋಗ್ತಿದ್ದಾಗಿಂದ ಅಪ್ಪ ಹೇಳ್ತಿದಾರಲ್ಲ, ಇಲ್ಲಿ ಕೋಳಿಗಳಿಗೆ ಏನೇ ಆದ್ರೂ ಭಯ ಇಲ್ಲ, ಅಕ್ಕನ ಹತ್ರ ಮೂರು ಹುಂಜ ಜೋಪಾನವಾಗಿವೆ ಅಂತ’ ಎಂದಳು. ಅವಳನ್ನು ಬೈಯಬೇಡ. ಏನು ಹೇಳಿದೆ ಎಂದು ಆ ಮಗುವಿಗೆ ಗೊತ್ತಿಲ್ಲ.

ಕೋಳಿಯದು ಹಾಳಾಗಲಿ. ಒಂದೇ ಹುಂಜ ಕೊಟ್ಟು ‘ನಿನಗೆ ಹೇಂಟೆ ಕೊಡೋಕಾಗಲ್ಲ ಅಕ್ಕ’ ಎಂದಿದ್ದರೂ ನಾನು ಸಂತೋಷದಿಂದಲೇ ಬರುತ್ತಿದ್ದೆ, ನಾನು ಕೇಳಿದ್ದೇ ಅಷ್ಟು. ಈ ತಿಂಗಳೆಲ್ಲ ನನ್ನನ್ನು ತಿನ್ನುತ್ತಿರುವುದು ಬೇರೆ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾವಿಬ್ಬರೂ ಮಂಚದ ಆಚೆ ಈಚೆ ನಿಂತಿದ್ದೆವು. ಮಗಳಿಗೆ ಮನೆಯಿಂದ ಏನೂ ಹೋಗಲಿಲ್ಲ ಎನ್ನುವುದೊಂದೇ ಅವಳಿಗಿದ್ದ ಕೊರಗು. ನನ್ನ ಕೈ ಹಿಡಿದುಕೊಂಡು ‘ಇವನು ಕೊಟ್ಟ ಹೇಂಟೆ ಮೊಟ್ಟೆ ಇಡ್ತಾ ಇವೆಯೇನೇ’ ಎಂದು ಕೇಳಿದಳು. ಅವು ಹುಂಜಗಳೆಂದು ನನಗೆ ಆಗಲೇ ಗೊತ್ತಿತ್ತು. ನಿನ್ನ ಮುಖ ಉಳಿಯಲಿ ಎಂದು, ‘ಇಡ್ತಾ ಇವೆ ಅಮ್ಮ, ಹಿತ್ತಲು ತುಂಬ ಮರಿ’ ಎಂದೆ. ಅವಳ ಮುಖ ಎಷ್ಟು ಅರಳಿತು, ನೀನೂ ನೋಡಿದೆ. ಆ ಸುಳ್ಳು ಯಾರಿಗಾಗಿ ಎಂದು ಆ ಕೋಣೆಯಲ್ಲಿ ನನ್ನ ಬಿಟ್ಟರೆ ನಿನಗೊಬ್ಬನಿಗೇ ಗೊತ್ತಿತ್ತು. ಅಮ್ಮ ‘ಒಳ್ಳೇ ಮಗ ನೀನು’ ಎಂದು ನಿನ್ನ ತಲೆ ಸವರಲು ಕೈ ಎತ್ತಿದಳು, ಕೈ ಎಟುಕಲಿಲ್ಲ. ನೀನು ಬಗ್ಗಿ ತಲೆ ಕೊಟ್ಟೆ.